ಕುದುರೆಗೆ ಇದೆ, ಕೋಣಕ್ಕೆ ಇದೆ, ನಮಗೆ ಮಾತ್ರ ಹೊಸೂರು ರಸ್ತೆ

ನಿನ್ನೆ ರಾತ್ರಿ ಹನ್ನೊಂದಕ್ಕೆ ಮನೆ ಮುಟ್ಟಿದೆ. ಬಲಗೈ ಮಣಿಕಟ್ಟು ಊದಿಕೊಂಡಿದೆ, ಎಡಗೈಯ ಹೆಬ್ಬೆರಳೊಂದರಲ್ಲೇ ಇದನ್ನು ಟೈಪ್ ಮಾಡುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಎಲ್ಲಿಗೆ ಹೋಗಿದ್ದೆ ಎಂದು ನನ್ನನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ವರ್ಷಕ್ಕೆ ಮೂರು ಸಲ ನಾನು ಈ ಊರಿನಿಂದ ಕಾಣೆಯಾಗುವುದು ಒಂದೇ ದಿಕ್ಕಿಗೆ: ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿಗೆ, ಬೈಕ್ ಓಡಿಸಲು.

ಬರೆಯಬೇಕೆಂದು ಹೊರಟದ್ದು ಖುಷಿಯ ವಿಷಯವನ್ನೇ. ಆದರೆ ಅತ್ತಿಬೆಲೆ ದಾಟುತ್ತಿದ್ದಂತೆ ತಲೆ ಕೆಟ್ಟಿತು.

ಪಿಕಪ್ ವಾಹನದ ಹಿಂದೆ ನನ್ನದೊಂದು, ಅಕ್ಕನ ಮಗನಾದ ಅಳಿಯನದೊಂದು ಬೈಕ್ ಕಟ್ಟಿದ್ದೆವು. ಎರಡರ ಮೂತಿಗೂ ಟ್ರ್ಯಾಕಿನವರು ಅಂಟಿಸಿದ ನಂಬರ್ ಇನ್ನೂ ಇತ್ತು. ಎಡಗಡೆಯಿಂದ ಮೂರು ಸ್ಕೂಟರ್ ಬಂದವು. ಮೊದಲನೆಯವನು ಮುಂಚಕ್ರ ಎತ್ತಿ ಹಿಂಚಕ್ರದ ಮೇಲೆಯೇ ಹೋಗುತ್ತಿದ್ದಾನೆ. ತಲೆಗೆ ಹೆಲ್ಮೆಟ್ ಇಲ್ಲ, ನಂಬರ್ ಪ್ಲೇಟನ್ನು ಮೇಲಕ್ಕೆ ಮಡಚಿದ್ದಾನೆ, ಕಾಲಲ್ಲಿ ಹವಾಯಿ ಚಪ್ಪಲಿ. ಎರಡನೆಯ ಸ್ಕೂಟರಿನ ಹಿಂದೆ ಕೂತವನು ಅದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದಾನೆ. ಪಕ್ಕದಲ್ಲಿ ಕಂಟೇನರ್ ಲಾರಿಗಳು. ಮುಂಚಕ್ರ ಕೆಳಗಿಳಿದ ಮೇಲೆ ಆ ಹುಡುಗ ನಮ್ಮ ವಾಹನದ ಹಿಂದಿದ್ದ ಬೈಕುಗಳನ್ನು ನೋಡಿದ. ನೋಡಿ, ನಮ್ಮ ಕಿಟಕಿಯ ಪಕ್ಕಕ್ಕೆ ಬಂದು ಹೆಬ್ಬೆರಳೆತ್ತಿ ತೋರಿಸಿದ. ನೀವೂ ನಾವೂ ಒಂದೇ ಗೋತ್ರ ಎಂಬಂತೆ!

ಮೈ ಉರಿಯಿತು. ಯಾಕೆ ಉರಿಯಿತು ಎಂದು ಚಂದಾಪುರದವರೆಗೂ ಯೋಚಿಸಿದೆ. ಅವನು ತಪ್ಪು ಹೇಳಿದ ಎಂದಲ್ಲ. ಸರಿಯಾಗಿಯೇ ಹೇಳಿದ ಎಂದು.

ಈಗ ವಿಷಯಕ್ಕೆ ಬರುತ್ತೇನೆ. ಚೆನ್ನೈನ ಹೊರಗೆ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈ ಎಂಬ ಜಾಗವಿದೆ. (ಹೆಸರು ಹೇಳಿ ಮುಗಿಸುವುದರೊಳಗೆ ನಮ್ಮಲ್ಲಿ ಚುರುಕಾದವರು ಎರಡು ತಿರುವು ದಾಟಿರುತ್ತಾರೆ.) ಅಲ್ಲಿ 3.717 ಕಿಲೋಮೀಟರ್ ಉದ್ದದ, ಹನ್ನೆರಡು ತಿರುವುಗಳ ರೇಸ್ ಟ್ರ್ಯಾಕ್ ಇದೆ. 1990ರಿಂದ ಇದೆ. ಹಳೆಯ ಹೆಸರು ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್, ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಬೆಂಗಳೂರಿನಿಂದ ಮುನ್ನೂರು ಕಿಲೋಮೀಟರ್ ಚಿಲ್ಲರೆ. ಶ್ರೀಪೆರಂಬುದೂರು ರಾಮಾನುಜಾಚಾರ್ಯರು ಹುಟ್ಟಿದ ಊರು. ಅವರು ಅಲ್ಲಿಂದ ಹೊರಟು ಮುಂದೆ ನಮ್ಮ ಮೇಲುಕೋಟೆಗೆ ಬಂದರು. ನಾವು ಇಲ್ಲಿಂದ ಅಲ್ಲಿಗೆ ಹೋಗುತ್ತೇವೆ, ಟೈರು ಸವೆಸಲು. ಲೆಕ್ಕ ಚುಕ್ತಾ.

ಆ ಟ್ರ್ಯಾಕನ್ನು ಕಟ್ಟಿದವರು ಯಾರು ಗೊತ್ತೇ? ಸರ್ಕಾರವಲ್ಲ. ದೊಡ್ಡ ಗುತ್ತಿಗೆದಾರ ಕಂಪನಿಯೂ ತನ್ನ ಲಾಭಕ್ಕೆಂದು ಕಟ್ಟಿದ್ದಲ್ಲ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್. 1953ರಲ್ಲಿ ಹುಟ್ಟಿದ ಹವ್ಯಾಸಿಗಳ ಸಂಘ. ದಶಕಗಳ ಕಾಲ ಅವರು ರೇಸ್ ಮಾಡುತ್ತಿದ್ದದ್ದು ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ಹಳೆಯ ವಿಮಾನದ ಓಡುದಾರಿಯ ಮೇಲೆ. ಎರವಲು ಜಾಗ. ಓಡುದಾರಿಯ ಅಂಚಿಗೆ ಹುಲ್ಲಿನ ಮೂಟೆ ಜೋಡಿಸಿ ವರ್ಷಕ್ಕೊಮ್ಮೆ ಜಾತ್ರೆಯಂತೆ ನಡೆಸುತ್ತಿದ್ದರು. ಬೆಂಗಳೂರಿನವರೂ ಹೋಗಿ ಭಾಗವಹಿಸುತ್ತಿದ್ದರು. ನನಗೆ ಬೈಕ್ ಬಿಚ್ಚಿ ಜೋಡಿಸುವುದನ್ನು ಕಲಿಸಿದ ವಿಲ್ಸನ್ ಗಾರ್ಡನ್ನಿನ ಮುದಿ ಮೆಕ್ಯಾನಿಕ್ ಶೋಲಾವರಂ ಎಂದರೆ ಈಗಲೂ ಸ್ಪ್ಯಾನರ್ ಕೆಳಗಿಟ್ಟು ಮಾತಿಗೆ ಕೂರುತ್ತಾರೆ. ಆ ಎರವಲು ಜಾಗವನ್ನು ನಂಬಿಕೊಂಡು ಇರಲಾಗುವುದಿಲ್ಲ ಎಂದು ಗೊತ್ತಾದಾಗ ಮದ್ರಾಸಿನವರು ಮನವಿಪತ್ರ ಹಿಡಿದು ಸಚಿವಾಲಯದ ಮೆಟ್ಟಿಲಲ್ಲಿ ಕೂರಲಿಲ್ಲ. ಸ್ವಂತ ಟ್ರ್ಯಾಕ್ ಕಟ್ಟಿಕೊಂಡರು.

ಕಟ್ಟಿ ಸುಮ್ಮನಾಗಲೂ ಇಲ್ಲ. ಪೂರ್ತಿ ಸುತ್ತು ಬೇಡವೆಂದರೆ ಒಂದು ಭಾಗವನ್ನಷ್ಟೇ ಬಳಸಿ ಚಿಕ್ಕ ಸುತ್ತು ಓಡಿಸುವ ಏರ್ಪಾಟು ಇದೆ. ಈಗ ಕೆಲವು ವರ್ಷಗಳಿಂದ ಅದೇ ಆವರಣದಲ್ಲಿ ಕಾರ್ಟಿಂಗ್‌ಗೆಂದೇ (ಪುಟ್ಟ ರೇಸ್ ಬಂಡಿ ಓಡಿಸುವುದಕ್ಕೆ) ಬೇರೆ ಟ್ರ್ಯಾಕ್ ಆಗಿದೆ. ಈ ಸಲ ಶನಿವಾರ ಸಂಜೆ ಅಲ್ಲಿ ಬೇಲಿಗೆ ಒರಗಿ ಅರ್ಧ ಗಂಟೆ ನಿಂತಿದ್ದೆ. ಎಂಟೊಂಬತ್ತು ವರ್ಷದ ಹುಡುಗಿಯೊಂದು ತನ್ನ ಗಾತ್ರಕ್ಕಿಂತ ಒಂದು ಅಳತೆ ದೊಡ್ಡದಾದ ರೇಸ್ ಉಡುಪು ತೊಟ್ಟು, ತೋಳನ್ನು ಎರಡು ಸುತ್ತು ಮಡಚಿಕೊಂಡು, ಒಂದೇ ತಿರುವನ್ನು ಮತ್ತೆ ಮತ್ತೆ ತಪ್ಪಾಗಿ ತೆಗೆದುಕೊಳ್ಳುತ್ತಿತ್ತು. ಪ್ರತಿ ಸಲವೂ ಅಂಚು ದಾಟುವುದು, ಮರಳುವುದು. ಅವಳ ಅಮ್ಮ ಬೇಲಿಯ ಈಚೆ ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ ಹಿಡಿದು ಕಾಯುತ್ತಿದ್ದರು. ಏಳನೆಯ ಸಲವೋ ಎಂಟನೆಯ ಸಲವೋ ಅದು ಬ್ರೇಕನ್ನು ಒಂದು ಗಜ ಮೊದಲೇ ಒತ್ತಿತು. ಬಂಡಿ ದಾರ ಎಳೆದಂತೆ ತಿರುವಿನಿಂದ ಹೊರಗೆ ಬಂತು. ಅಮ್ಮನಿಗೆ ಏನೂ ಗೊತ್ತಾಗಲಿಲ್ಲ. ನಾನು ಮಾತ್ರ ಬೇಲಿಯ ಬಳಿ ನಿಂತು ಹುಚ್ಚನಂತೆ ಚಪ್ಪಾಳೆ ತಟ್ಟಿದೆ.

ಖುಷಿ ಎಂದೆನಲ್ಲ, ಇದು. ಅದರ ಹಿಂದೆಯೇ ಹೊಟ್ಟೆಯುರಿ. ಅವರು ಇರುವ ಟ್ರ್ಯಾಕಿನ ಪಕ್ಕದಲ್ಲಿ ಇನ್ನೊಂದು ಕಟ್ಟುತ್ತಾರೆ. ಕೊಯಮತ್ತೂರಿನ ಚೆಟ್ಟಿಪಾಳ್ಯದಲ್ಲಿ 2003ರಿಂದಲೇ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಮಾರುತಿ 800ರ ಎಂಜಿನ್ ಇಟ್ಟು ಬಡವರ ರೇಸ್ ಕಾರು ಮಾಡಿಕೊಟ್ಟ ಕರಿವರ್ಧನ್ ಅವರ ಹೆಸರು ಅದಕ್ಕೆ. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡವರನ್ನು ಆ ಊರು ಪ್ರತಿಮೆ ನಿಲ್ಲಿಸಿ ನೆನೆಯಲಿಲ್ಲ, 2.1 ಕಿಲೋಮೀಟರ್ ಡಾಂಬರು ಹಾಕಿ ನೆನೆಯಿತು. ಫಾರ್ಮುಲಾ ಒನ್‌ನಲ್ಲಿ ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಅದೇ ಕೊಯಮತ್ತೂರಿನವರು. ಮರ ಇದ್ದಲ್ಲಿ ಹಣ್ಣು.

ನಮ್ಮಲ್ಲಿ? ಕೋಟಿ ಮೀರಿದ ಜನಸಂಖ್ಯೆ, ಸಿಗ್ನಲ್ಲಿಗೆ ನೂರು ಬೈಕು, ಪೂರ್ಣ ಪ್ರಮಾಣದ ರೇಸ್ ಟ್ರ್ಯಾಕ್ ಸೊನ್ನೆ.

ಹಾಗೆಂದು ನಮ್ಮವರಿಗೆ ಓಡಿಸಲು ಬರುವುದಿಲ್ಲವೇ? ಮಣ್ಣು ಮರಳಿನಲ್ಲಿ ದಿನಗಟ್ಟಲೆ ಓಡುವ ಡಾಕರ್ ರ‍್ಯಾಲಿಯನ್ನು 2015ರಲ್ಲಿ ಪೂರ್ತಿಗೊಳಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರು. 2019ರಲ್ಲಿ ಮುಗಿಸಿದ ಕೆ.ಪಿ. ಅರವಿಂದ್ ನಮ್ಮ ಉಡುಪಿಯ ಕಡೆಯವರು. ಅದೇ ವರ್ಷ ಮಹಿಳೆಯರ ವಿಭಾಗದಲ್ಲಿ ಬಾಜಾ ಎಂಬ ಮಣ್ಣು ಮರಳಿನ ಬೈಕ್ ಓಟದ ವಿಶ್ವಕಪ್ ಗೆದ್ದ ಐಶ್ವರ್ಯಾ ಪಿಸ್ಸೆ ಬೆಂಗಳೂರಿನ ಹುಡುಗಿ. ಗಮನಿಸಿ, ಮೂವರೂ ಹೆಸರು ಮಾಡಿದ್ದು ಮಣ್ಣಿನಲ್ಲಿ, ಮರಳಿನಲ್ಲಿ. ಮಣ್ಣು ನಮ್ಮಲ್ಲಿ ಬೇಕಾದಷ್ಟಿದೆ, ಯಾರೂ ಕಟ್ಟಿಕೊಡಬೇಕಾಗಿಲ್ಲ. ಸಂತೋಷ್ ಅವರು ಕೋಲಾರದ ಹತ್ತಿರ ಮಣ್ಣಿನ ಟ್ರ್ಯಾಕ್ ಮಾಡಿ ಕಲಿಸಿದ್ದಾರೆ, ಅವರಿಗೆ ನನ್ನ ನಮಸ್ಕಾರ. ಡಾಂಬರಿನ ಮೇಲೆ ಓಡಿಸಬೇಕೆಂದರೆ ಮಾತ್ರ ಕೃಷ್ಣಗಿರಿ, ಆಂಬೂರು, ವೆಲ್ಲೂರು ದಾಟಬೇಕು.

ಬೆಂಗಳೂರಿನಲ್ಲಿ ರೇಸ್ ಎಂದರೆ ಜನಕ್ಕೆ ನೆನಪಾಗುವುದು ಕುದುರೆ. ಊರಿನ ನಟ್ಟನಡುವೆ 80 ಎಕರೆಗೂ ಮಿಕ್ಕ ಜಾಗ, 2023ರವರೆಗೆ ಅದರ ಹೆಸರಿನಲ್ಲೇ ಒಂದು ರಸ್ತೆ. ಒಳ್ಳೆಯದು. ಕುದುರೆಗಳ ಮೇಲೆ ನನಗೇನೂ ದ್ವೇಷವಿಲ್ಲ, ಅವುಗಳ ಮೇಲೆ ನನ್ನ ದೊಡ್ಡಪ್ಪ ಕಳೆದುಕೊಂಡ ತೋಟದ ಬಗ್ಗೆ ಸ್ವಲ್ಪ ಬೇಸರವಿದೆ, ಅಷ್ಟೇ. ಕೋಣಗಳಿಗೂ ಸಿಕ್ಕಿತು. 2023ರ ನವೆಂಬರಿನಲ್ಲಿ ಅರಮನೆ ಮೈದಾನದಲ್ಲಿ ಕಂಬಳ ಮಾಡಿದಾಗ ಎರಡು ದಿನಕ್ಕಾಗಿ ಕರೆ (ಕೋಣ ಓಡುವ ಕೆಸರಿನ ದಾರಿ) ಅಗೆದರು, ನೀರು ತುಂಬಿದರು, ಕರಾವಳಿಯಿಂದ ಲಾರಿಗಳಲ್ಲಿ ಕೋಣಗಳು ಬಂದವು. ನಾನು ಎರಡೂ ದಿನ ಹೋಗಿದ್ದೆ. ನನ್ನ ಅಜ್ಜನ ಮನೆಯಲ್ಲಿ ಓಟದ ಕೋಣಗಳಿದ್ದವು, ಮೂಡುಬಿದಿರೆಯ ಕಂಬಳಕ್ಕೆ ಇಳಿಸುತ್ತಿದ್ದರು. ವೇಗದ ಹುಚ್ಚು ನನಗೆ ಬಂದದ್ದು ಆ ಕೆಸರಿನಿಂದಲೇ ಎಂದು ಅಮ್ಮ ಈಗಲೂ ಬೈಯುತ್ತಾಳೆ. ಆದರೆ ಆ ಮೈದಾನದಲ್ಲಿ ನಿಂತಾಗ ನನಗೆ ಅನಿಸಿದ್ದು ಇಷ್ಟೇ: ಕೋಣಗಳನ್ನು ಯಾರೂ ರಾಷ್ಟ್ರೀಯ ಹೆದ್ದಾರಿಯಲ್ಲಿ ಓಡಿಸುವುದಿಲ್ಲ. ಕರೆ ಎಲ್ಲಿ, ಗುರಿಯ ತುದಿಯಾದ ಮಂಜೊಟ್ಟಿ ಎಲ್ಲಿ, ಓಟ ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಗೊತ್ತಿದೆ. ಓಡುವ ಪ್ರಾಣಿಗೆ ಓಡುವ ಜಾಗ ಬೇಕು ಎಂದು ಅಜ್ಜನಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷದ ಗಂಡುಹುಡುಗ ಎಂಬ ಪ್ರಾಣಿಯ ವಿಷಯದಲ್ಲಿ ನಮಗೆ ಅಷ್ಟೂ ತಿಳಿಯಲಿಲ್ಲ. ನಾವು ಅವನಿಗೆ ರಸ್ತೆ ಉಬ್ಬು ಹಾಕಿಕೊಟ್ಟಿದ್ದೇವೆ.

ಆ ಪ್ರಾಣಿ ನನ್ನ ಮನೆಯಲ್ಲೇ ಒಂದಿದೆ. ಅಕ್ಕನ ಮಗ. ಎಂಜಿನಿಯರಿಂಗ್ ಎರಡನೆಯ ವರ್ಷ, ನಮ್ಮಲ್ಲೇ ಇದ್ದು ಓದುತ್ತಾನೆ. ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ‘ಓದಲು ಗೆಳೆಯನ ಮನೆಗೆ’ ಹೋಗುತ್ತಿದ್ದವನು ನಂದಿ ಬೆಟ್ಟದ ರಸ್ತೆಯಲ್ಲಿ ತಿರುವಿಗೆ ಬೈಕ್ ಬಾಗಿಸಿ ಮಂಡಿಯನ್ನು ನೆಲಕ್ಕೆ ತಾಗಿಸುವ ಅಭ್ಯಾಸ ಮಾಡುತ್ತಿದ್ದನೆಂದು ಅವನ ಜೀನ್ಸ್ ಪ್ಯಾಂಟೇ ಹೇಳಿತು. ನಾನು ಬೈಯಲಿಲ್ಲ. ಮುಂದಿನ ಸಲ ನನ್ನ ಜೊತೆ ಬಾ ಎಂದೆ.

ಬಂದ. ಹೋಗುವಾಗ ದಾರಿಯುದ್ದಕ್ಕೂ ನನಗೇ ಪಾಠ. ಗೇಟಿನ ಒಳಗೆ ಹೋದ ಮೇಲೆ ಮಾತು ಕಡಿಮೆಯಾಯಿತು. ಮೊದಲು ಕನ್ನಡಿ ಬಿಚ್ಚಿಸಿದರು, ದೀಪಗಳಿಗೆ ಟೇಪ್ ಸುತ್ತಿಸಿದರು. ಚೈನ್ ಸಡಿಲವಿದೆ ಎಂದು ವಾಪಸ್ ಕಳಿಸಿದರು. ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆದು ನೋಡಿದರು. ಆಮೇಲೆ ಒಂದು ಗಂಟೆ ಕೂರಿಸಿ ಬಾವುಟದ ಪಾಠ: ಹಳದಿ ಬಂದರೆ ಮುಂದೆ ಅಪಾಯ, ಹಿಂದಿಕ್ಕಬೇಡ, ಕೆಂಪು ಬಂದರೆ ಓಟ ನಿಂತಿತು, ನಿಧಾನವಾಗಿ ಒಳಗೆ ಬಾ, ಕಪ್ಪು ಬಾವುಟ ನಿನಗೇ ತೋರಿಸಿದರೆ ನೀನು ಏನೋ ಎಡವಟ್ಟು ಮಾಡಿದ್ದೀಯ, ಬಂದು ಬೈಗುಳ ತಿನ್ನು. ಅಳಿಯ ನನ್ನ ಕಿವಿಯಲ್ಲಿ, “ಮಾವ, ಇದು ಕಾಲೇಜಿಗಿಂತ ಕಡೆ” ಎಂದ.

ನೇರ ದಾರಿಯ ಕೊನೆಗೆ ಮೊದಲ ತಿರುವು, ಸಿ-1 ಎನ್ನುತ್ತಾರೆ. ಬಲಕ್ಕೆ, ವೇಗದ್ದು. ಹೊಸಬರ ಹೊಟ್ಟೆಯಲ್ಲಿ ಏನಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ನಂದಿ ಬೆಟ್ಟದ ಮಹಾವೀರ ಅಲ್ಲಿಗೆ ಬರುವಷ್ಟರಲ್ಲಿ ಬ್ರೇಕ್ ಹಿಡಿದು ಎದ್ದು ಕೂತುಬಿಟ್ಟಿದ್ದ. ಅವನ ಹೊರಗಡೆಯಿಂದ ಒಬ್ಬರು ಹೋದರು. ಹಳೆಯ ಬೈಕು, ಬಣ್ಣ ಕಿತ್ತ ಟ್ಯಾಂಕು. ನಾಲ್ಕು ಸುತ್ತು ಕಳೆದ ಮೇಲೆ ಅವರೇ ಮತ್ತೆ ಹಿಂದಿನಿಂದ ಬಂದು ಇನ್ನೊಮ್ಮೆ ದಾಟಿದರು. ಒಳಗೆ ಬಂದು ಹೆಲ್ಮೆಟ್ ತೆಗೆದಾಗ ನೋಡಿದರೆ ತಲೆಯೆಲ್ಲ ನರೆ, ಮೂಗಿನ ಮೇಲೆ ಕನ್ನಡಕದ ಗುರುತು. ಬ್ಯಾಂಕಿನ ನೌಕರಿಯಲ್ಲಿದ್ದಾರಂತೆ, ಮುಂದಿನ ವರ್ಷ ನಿವೃತ್ತಿ. ತಮಿಳು ಬೆರೆತ ಇಂಗ್ಲಿಷಿನಲ್ಲಿ ಅಳಿಯನಿಗೆ ಕಣ್ಣು ಎಲ್ಲಿಡಬೇಕು ಎಂಬುದನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಹುಡುಗ ಮೊಣಕಾಲೂರಿ ಕೂತು ನೋಡುತ್ತಿದ್ದ. ಅವನು ಯಾರ ಮುಂದೆಯೂ ಹಾಗೆ ಕೂತಿದ್ದನ್ನು ನಾನು ಕಂಡಿಲ್ಲ.

ಇದನ್ನೆಲ್ಲ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಚಿತ್ರ ಸಮೇತ ಹಾಕಿದೆ, ಬುದ್ಧಿ ಇಲ್ಲದವನು. ಬೆಳಿಗ್ಗೆ ಭಾವನ ಉತ್ತರ ಬಂದಿತ್ತು: “ದುಡ್ಡಿದ್ದವರ ಶೋಕಿ. ನೀನು ಕೆಟ್ಟಿದ್ದು ಸಾಲದು, ಅವನನ್ನೂ ಕೆಡಿಸು.” ಅದಕ್ಕೆ ಮೂವರು ಚಿಕ್ಕಮ್ಮಂದಿರು ಕೈಮುಗಿಯುವ ಚಿಹ್ನೆ ಹಾಕಿದ್ದರು.

ದುಡ್ಡಿದ್ದವರ ಶೋಕಿ! ಲೆಕ್ಕ ಹೇಳುತ್ತೇನೆ ಕೇಳಿ ಭಾವ. ಶುಲ್ಕ, ಪೆಟ್ರೋಲು, ಪಿಕಪ್ ಬಾಡಿಗೆಯಲ್ಲಿ ನನ್ನ ಪಾಲು, ರಾತ್ರಿ ಲಾಡ್ಜು ಎಲ್ಲ ಸೇರಿ ಒಂದು ಸಲಕ್ಕೆ ನನಗೆ ಹದಿನಾಲ್ಕು ಸಾವಿರದ ಆಸುಪಾಸು. ಅದರಲ್ಲಿ ಅರ್ಧಕ್ಕರ್ಧ ದಾರಿಯ ಖರ್ಚೇ. ಶೋಕಿಯನ್ನು ದುಬಾರಿ ಮಾಡಿರುವುದು ಬೈಕಲ್ಲ, ಆ ಮುನ್ನೂರು ಕಿಲೋಮೀಟರ್. ಟ್ರ್ಯಾಕ್ ಹೊಸಕೋಟೆಯಲ್ಲೋ ಮಾಲೂರಿನಲ್ಲೋ ಇದ್ದಿದ್ದರೆ ಹುಡುಗರು ಬೈಕಿನಲ್ಲೇ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ಸು. ಹೊಸಕೋಟೆ ಎಂದ ಕೂಡಲೇ ನೆನಪಾಯಿತು: ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಕಟ್ಟುತ್ತಿದ್ದಾರಲ್ಲ, 262 ಕಿಲೋಮೀಟರ್, ಅದು ಶುರುವಾಗುವುದು ಹೊಸಕೋಟೆಯಲ್ಲಿ, ಮುಗಿಯುವುದು ಎಲ್ಲಿ ಹೇಳಿ? ಶ್ರೀಪೆರಂಬುದೂರಿನಲ್ಲಿ. ಮೂರು ಮುಕ್ಕಾಲು ಕಿಲೋಮೀಟರ್ ಇಲ್ಲೇ ಹಾಕಲಾಗದೆ 262 ಕಿಲೋಮೀಟರ್ ಹಾಕಿ ನಮ್ಮನ್ನು ಅವರ ಬಾಗಿಲಿಗೆ ಬಿಡುತ್ತಿದ್ದಾರೆ. ಇಷ್ಟು ಉಪಕಾರವನ್ನು ನಾನು ಹೇಗೆ ತೀರಿಸಲಿ?

ಇನ್ನೊಂದು ಆಕ್ಷೇಪ ಗೊತ್ತಿರುವವರದು. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ನೋಡಿ, ಐದು ಕಿಲೋಮೀಟರಿಗೂ ಉದ್ದ, ಕೋಟಿ ಕೋಟಿ ಸುರಿದರು. ಫಾರ್ಮುಲಾ ಒನ್ 2011ರಿಂದ 2013, ಮೂರೇ ವರ್ಷ, ತೆರಿಗೆ ಜಗಳ, ಬಾಗಿಲು. 2023ರಲ್ಲಿ ಬೈಕುಗಳ ವಿಶ್ವಮಟ್ಟದ ರೇಸ್ ಮೋಟೋಜಿಪಿ ಬಂತು, ಒಂದೇ ಸಲ. ಹೈದರಾಬಾದಿನಲ್ಲೂ 2023ರಲ್ಲಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ಒಂದೇ ಸಲ. ಇದೆಲ್ಲ ನಿಜ. ಆದರೆ ಸ್ವಾಮಿ, ಅವು ನೋಡುವವರಿಗಾಗಿ ಮಾಡಿದ್ದು. ಟಿಕೆಟ್ ಕೊಂಡು ಕೂರುವವನು ಬರದಿದ್ದರೆ ಮುಗಿಯಿತು. ನಾನು ಕೇಳುತ್ತಿರುವುದು ಓಡಿಸುವವರಿಗೆ. ಗ್ಯಾಲರಿ ಬೇಡ, ಗಾಜಿನ ಕೋಣೆ ಬೇಡ, ಮಂತ್ರಿಗಳ ಕುರ್ಚಿ ಬೇಡ. 2024ರ ಆಗಸ್ಟ್ ಕೊನೆಯಲ್ಲಿ ಚೆನ್ನೈನವರೇ ಐಲ್ಯಾಂಡ್ ಗ್ರೌಂಡ್ ಸುತ್ತ ಊರಿನ ರಸ್ತೆಯಲ್ಲಿ ದೀಪ ಹಾಕಿ ರಾತ್ರಿ ರೇಸ್ ಮಾಡಿದರಲ್ಲ, ಅದಕ್ಕೂ ನನ್ನ ಚಪ್ಪಾಳೆ ಇಲ್ಲ. ಅವರಿಗಾದರೂ ಬೆಳಿಗ್ಗೆ ಎದ್ದರೆ ಇರುಂಗಾಟ್ಟುಕೋಟ್ಟೈ ಇದೆ. ನಮ್ಮವರು ನಕಲು ಮಾಡುವುದಾದರೆ ಮೊದಲು ಅದನ್ನೇ ನಕಲು ಮಾಡುತ್ತಾರೆ, ವಿಧಾನಸೌಧದ ಮುಂದೆ, ಫ್ಲೆಕ್ಸ್ ಸಮೇತ.

ಜಮೀನು ಎಲ್ಲಿಂದ ತರುತ್ತೀರಿ ಎಂದೂ ಕೇಳುತ್ತೀರಿ. ದೇವನಹಳ್ಳಿಯ ಚನ್ನರಾಯಪಟ್ಟಣದ ರೈತರು 1,777 ಎಕರೆ ಉಳಿಸಿಕೊಳ್ಳಲು ವರ್ಷಗಟ್ಟಲೆ ಕೂತದ್ದನ್ನು ನೋಡಿದವನು ನಾನು. ಹಾಗೆ ಕಿತ್ತ ಒಂದು ಗುಂಟೆಯ ಮೇಲೂ ನನ್ನ ಚಕ್ರ ಉರುಳುವುದು ಬೇಡ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿಗಳಿವೆ, ಏನೂ ಬೆಳೆಯದ ಜಾಗಗಳಿವೆ. ಕೊಳ್ಳಬೇಕು, ಇಲ್ಲವೇ ಗುತ್ತಿಗೆಗೆ ಹಿಡಿಯಬೇಕು. ಯಾರು? ನಾವೇ. ಒಂದು ಬೈಕಿಗೆ ಇಪ್ಪತ್ತು ಲಕ್ಷ ಸುರಿದು ಭಾನುವಾರ ಇಡ್ಲಿ ತಿನ್ನಲು ಮಾತ್ರ ಅದನ್ನು ಹೊರತೆಗೆಯುವ ಮಹನೀಯರು ಈ ಊರಿನಲ್ಲಿ ಎಷ್ಟಿಲ್ಲ! ನನ್ನ ಸಿಟ್ಟು ಸರ್ಕಾರದ ಮೇಲಿರುವುದಕ್ಕಿಂತ ಅವರ ಮೇಲೆ ಹೆಚ್ಚು. ಅವರಲ್ಲಿ ಒಂದು ಸಂಘಕ್ಕೆ ನಾನೂ ಸದಸ್ಯ. ಹನ್ನೊಂದು ವರ್ಷದಲ್ಲಿ ನಾವು ನಾಲ್ಕು ಸಲ ಟೀ ಶರ್ಟ್ ವಿನ್ಯಾಸ ಬದಲಿಸಿದ್ದೇವೆ.

ಒಂದು ಮಾತನ್ನು ಮಾತ್ರ ನನಗೆ ತಳ್ಳಿಹಾಕಲು ಆಗುವುದಿಲ್ಲ. 2023ರ ಆಗಸ್ಟಿನಲ್ಲಿ ಹದಿಮೂರು ವರ್ಷದ ಹುಡುಗನೊಬ್ಬ ಇದೇ ಮದ್ರಾಸ್ ಟ್ರ್ಯಾಕಿನಲ್ಲಿ ರೇಸಿನ ನಡುವೆ ಬಿದ್ದು ಜೀವ ಬಿಟ್ಟ. ಬೆಂಗಳೂರಿನ ಮಗು. ಅದೇ ವರ್ಷ ಜನವರಿಯಲ್ಲಿ ಪಳಗಿದ ಹಿರಿಯ ಚಾಲಕರೊಬ್ಬರೂ ಅಲ್ಲೇ ತೀರಿಕೊಂಡಿದ್ದರು. ಮಾರ್ಷಲ್, ಆಂಬುಲೆನ್ಸ್, ಬಾವುಟ, ಎಲ್ಲವೂ ಇದ್ದ ಜಾಗದಲ್ಲಿ. ಟ್ರ್ಯಾಕ್ ಎಂದರೆ ಸುರಕ್ಷಿತ ಎಂದು ನಾನು ಯಾರಿಗೂ ಹೇಳುವುದಿಲ್ಲ, ಭಾವನಿಗಂತೂ ಹೇಳಲಾರೆ. ಆ ಆಗಸ್ಟಿನ ಆಮೇಲೆ ಒಂದು ವರ್ಷ ನಾನು ಹೋಗಲಿಲ್ಲ. ಬೈಕಿಗೆ ಹೊದಿಕೆ ಹಾಕಿ ಇಟ್ಟಿದ್ದೆ.

ಮತ್ತೆ ಯಾಕೆ ಹೋದೆ ಎಂಬುದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಮನೆಯವಳಿಗೂ. 2001ರಲ್ಲಿ ನನಗೆ ಇಪ್ಪತ್ತು. ಆರ್‌ಎಕ್ಸ್ 100 ಇತ್ತು, ಸೈಲೆನ್ಸರ್ ಕೊರೆಸಿದ್ದೆ. ರಾತ್ರಿ ಒಂದು ಗಂಟೆಗೆ ಹೊರವರ್ತುಲ ರಸ್ತೆಯಲ್ಲಿ ನೂರು ರೂಪಾಯಿ ಪಣಕ್ಕೆ ಓಡಿಸುತ್ತಿದ್ದೆವು. ಎದುರಿನಿಂದ ದೀಪವಿಲ್ಲದ ಇಟ್ಟಿಗೆ ಲಾರಿ ಬಂತು. ನಾನು ಮೊದಲು ನೋಡಿದೆ, ತಪ್ಪಿಸಿಕೊಂಡೆ. ಹಿಂದಿದ್ದವನಿಗೆ ಕಾಣಲಿಲ್ಲ, ನಾನು ಅಡ್ಡ ಇದ್ದೆನಲ್ಲ. ಅವನ ಎಡಗಾಲು ಇವತ್ತಿಗೂ ಒಂದೂವರೆ ಇಂಚು ಗಿಡ್ಡ. ಅವನ ಅಪ್ಪ ಆಸ್ಪತ್ರೆಯಲ್ಲಿ ನನ್ನನ್ನು ಬೈಯಲಿಲ್ಲ, ಕಾಫಿ ಕುಡಿಸಿದರು. ಅಲ್ಲಿ ಹಳದಿ ಬಾವುಟ ಹಿಡಿದು ನಿಂತವರು ಯಾರೂ ಇರಲಿಲ್ಲ.

ಅತ್ತಿಬೆಲೆಯ ಆ ಹುಡುಗ ಹೆಬ್ಬೆರಳೆತ್ತಿದಾಗ ಅಳಿಯ ಕಿಟಕಿಯ ಗಾಜು ಇಳಿಸಿದ. ಏನು ಹೇಳುತ್ತಾನೋ ಎಂದುಕೊಂಡೆ. ಕೈಯಲ್ಲಿ ಹಳದಿ ಬಣ್ಣದ ಚಿಪ್ಸ್ ಪೊಟ್ಟಣವಿತ್ತು, ಅದನ್ನೇ ಹೊರಗೆ ಹಿಡಿದು ಬಾವುಟದಂತೆ ಬೀಸಿದ. ಸ್ಕೂಟರಿನವನಿಗೆ ಅರ್ಥವಾಗಲಿಲ್ಲ. ಹಲ್ಲುಕಿರಿದು, ಮತ್ತೆ ಮುಂಚಕ್ರ ಎತ್ತಿಕೊಂಡು ಲಾರಿಗಳ ನಡುವೆ ನುಗ್ಗಿದ.

ಮುಂದಿನ ಸಲದ ದಿನಾಂಕ ಇನ್ನೂ ಬಂದಿಲ್ಲ. ಪಿಕಪ್ಪಿನಲ್ಲಿ ಇನ್ನೊಂದು ಬೈಕಿಗೆ ಜಾಗವಿದೆ, ಮಣ್ಣು ಮೆತ್ತಿದ ಸ್ಕೂಟರಾದರೂ ಹತ್ತಿಸಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಭಾನುವಾರ ನಾಲ್ಕಕ್ಕೆ ಎದ್ದು ‘ಓದಲು’ ಹೋಗುವವರು ಇದ್ದರೆ ನನ್ನ ನಂಬರ್ ಕೊಡಿ, ಮೊದಲ ಸಲದ ಶುಲ್ಕ ನನ್ನದು. ಭಾವ, ನೀವು ಇದನ್ನು ಓದುತ್ತೀರಿ ಎಂದು ಗೊತ್ತು. ಹುಡುಗ ಇನ್ನೂ ಮಲಗಿದ್ದಾನೆ. ಅಂಗಳದಲ್ಲಿ ಯಾರೋ ಸೀಮೆಸುಣ್ಣದಲ್ಲಿ ಒಂದು ತಿರುವು ಬರೆದಿದ್ದಾರೆ, ಗುಡಿಸುವವಳಿಗೆ ಅಳಿಸಬೇಡ ಎಂದು ಹೇಳಿದ್ದೇನೆ.